ಒಂದು ಹಲ್ಲು ಕಡಿಮೆ

ನಮ್ಮ ಓಣಿಯಲ್ಲಿ ಯಾರಾದರೂ ಹೊಸ ಸೈಕಲ್ ತಂದರೆ ನಾನು ಅದನ್ನು ಎರಡು ಸಲ ಹೋಗಿ ನೋಡುತ್ತೇನೆ: ತಂದ ದಿನ ಮುಂಜಾನೆ ಒಮ್ಮೆ, ಸಂಜೆ ಇನ್ನೊಮ್ಮೆ. ಮುಂಜಾನೆ ಅದು ಸೈಕಲ್ ಆಗಿರುತ್ತದೆ. ಸಂಜೆಯ ಹೊತ್ತಿಗೆ ಅದಕ್ಕೊಂದು ಗಂಟೆ, ಗಂಟೆಯ ಪಕ್ಕಕ್ಕೊಂದು ಕನ್ನಡಿ, ಹಿಡಿಕೆಗೆ ರೇಷ್ಮೆಯ ಗೊಂಡೆ, ಹಿಂದೆ ಮಂಚದಷ್ಟು ಗಟ್ಟಿಯಾದ ಕ್ಯಾರಿಯರು, ಗಾಲಿಯ ಕಡ್ಡಿಗಳ ನಡುವೆ ಬಣ್ಣದ ಹೂ, ದೃಷ್ಟಿ ತಾಗದಿರಲೆಂದು ಕೆಳಗೊಂದು ನಿಂಬೆಹಣ್ಣು ಎಲ್ಲವೂ ಸೇರಿ, ಅದು ತಾನಾಗಿ ಉರುಳುವ ಬಳೆಗಾರನ ಅಂಗಡಿಯಾಗಿರುತ್ತದೆ. ಕೊಂಡದ್ದು ಯಾವುದೇ ಇರಲಿ, ಅದಕ್ಕೆ ಏನಾದರೊಂದನ್ನು ಹಚ್ಚದ ಹೊರತು ಅದು ನಮ್ಮದಾಯಿತೆಂಬ ನೆಚ್ಚಿಕೆ ನಮಗೆ ಹುಟ್ಟುವುದಿಲ್ಲ. ನಮ್ಮ ಕಡೆಯ ಕನ್ನಡದಲ್ಲಿ ಈ 'ಹಚ್ಚು' ಎಂಬ ಕ್ರಿಯಾಪದದ ಸಂಸಾರ ಬಹಳ ದೊಡ್ಡದು. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ, ಸುಮ್ಮನೆ ಕೂತ ಇಬ್ಬರ ನಡುವೆ ಜಗಳ ಹಚ್ಚುತ್ತೇವೆ. ಅದರ ಎದುರಾಳಿ 'ಬಿಚ್ಚು' ಮಾತ್ರ ಬಡಪಾಯಿ. ಅದರ ಪಾಲಿಗೆ ಬಂದದ್ದು ಅಂಗಿಯ ಗುಂಡಿ, ಬುತ್ತಿಯ ಗಂಟು, ಅಷ್ಟೆ. ಆ ಬಡಪಾಯಿಯ ಪರವಾಗಿ ನನ್ನದೊಂದು ಸಾಕ್ಷಿಯಿದೆ.

ಸಾಕ್ಷಿ ಎಂದೆನಾದರೂ ಈ ಸಾಕ್ಷಿಯ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೆನಪು ಇಸ್ತ್ರಿ ಮಾಡುವ ಆಸಾಮಿ. ಅದರ ಕೈಗೆ ಸಿಕ್ಕ ಬಟ್ಟೆಯ ಸುಕ್ಕು ಉಳಿಯುವುದಿಲ್ಲ, ಕೆಲವೊಮ್ಮೆ ಬಟ್ಟೆಯೂ ಉಳಿಯುವುದಿಲ್ಲ. ಆದ್ದರಿಂದ ಕಥೆ ಎಲ್ಲಿ ಅತಿಯಾಗಿ ನುಣುಪಾಯಿತೆಂದು ನನಗೆ ಗುಮಾನಿ ಬಂದೀತೋ ಅಲ್ಲಿ ನಾನೇ ನಿಂತು ತೋರಿಸುತ್ತೇನೆ; ನೀವೂ ನನ್ನ ಜೊತೆ ನಿಲ್ಲಬೇಕು.

ನಮ್ಮ ಧಾರವಾಡ ಜಿಲ್ಲೆ ಇನ್ನೂ ಮುಂಬೈ ಸರಕಾರದ ಕೆಳಗಿದ್ದ ವರ್ಷಗಳು. ರೋಣದ ನಮ್ಮ ಮನೆಗೆ ಒಂದು ಫಟಫಟಿ ಬಂತು. ಮೋಟಾರ್ ಸೈಕಲ್ಲಿಗೆ ಅದು ಮಾಡುವ ಸದ್ದನ್ನೇ ಹೆಸರಾಗಿ ಇಟ್ಟ ಜನ ನಾವು. ಅದನ್ನು ತಂದವರು ನಮ್ಮ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ, ಮನೆಯ ಯಜಮಾನರು. ಆದರೆ ಅವರು ತರಲು ಹೋದದ್ದು ಫಟಫಟಿಯನ್ನಲ್ಲ. ಮಿಲಿಟರಿಯವರು ಲಡಾಯಿ ಮುಗಿದ ಮೇಲೆ ಉಳಿದ ಸಾಮಾನನ್ನು ಹರಾಜಿಗೆ, ನಮ್ಮ ಕಡೆಯ ಮಾತಿನಲ್ಲಿ ಲಿಲಾವಿಗೆ, ಹಾಕುತ್ತಿದ್ದಾರೆಂದು ಕೇಳಿ, ಜೋಳದ ರಾಶಿಗೆ ಹೊದಿಸಲು ಒಳ್ಳೆಯ ತಾಡಪತ್ರಿ ಸಿಕ್ಕೀತೆಂದು ಹೋಗಿದ್ದರು. ತಾಡಪತ್ರಿಯ ಗಂಟಿನ ಜೊತೆಗೇ ಬಿಡಿಸಲಾಗದಂತೆ ಲಿಲಾವಿನಲ್ಲಿ ಸೇರಿಕೊಂಡಿದ್ದ ಈ ಹಸಿರು ಪ್ರಾಣಿ, ವರನ ಜೊತೆ ಬಂದ ಬೀಗರಂತೆ, ನಮ್ಮ ಅಂಗಳದಲ್ಲಿ ಇಳಿಯಿತು. ತಾಡಪತ್ರಿಯನ್ನು ದೊಡ್ಡಪ್ಪ ಆದರದಿಂದ ಒಳಗೆ ಒಯ್ದರು. ಫಟಫಟಿಯನ್ನು, ಕಾಲೇಜು ಮುಗಿಸಿ ಏನು ಮಾಡಬೇಕೆಂದು ತಿಳಿಯದೆ ಏನೆಲ್ಲವನ್ನೂ ಮಾಡುತ್ತಿದ್ದ ನನಗೆ ಬಿಟ್ಟರು. ನಿರುಪಯೋಗಿಗಳೆರಡು ಒಂದೇ ಕಡೆ ಇರಲಿ ಎಂಬ ವ್ಯವಸ್ಥೆ ಅದು.

ಅಂಥದೇ ಹಸಿರು ಪ್ರಾಣಿಗಳು ನರಗುಂದಕ್ಕೊಂದು, ಗಜೇಂದ್ರಗಡಕ್ಕೊಂದು ಬಂದಿದ್ದವು. ನರಗುಂದದ್ದು ಅಲ್ಲಿಯ ಅಡತಿ ಅಂಗಡಿಯ ಮನೆತನದ ಬಸವಂತನದು. ನನ್ನ ವಾರಿಗೆಯವನು, ಆದರೆ ನನಗಿಂತ ಎತ್ತರ, ನನಗಿಂತ ಚೆಂದದ ಮೀಸೆ. ನರಗುಂದ ರೋಣದ ಉದ್ದ ರಸ್ತೆಯಲ್ಲಿ ನಾವು ಎಷ್ಟು ಸಲ ಜೊತೆಯಾಗಿ ಹೊರಟರೂ ಅವನು ಮುಂದೆ, ನಾನು ಅವನ ಧೂಳಿನಲ್ಲಿ. ಅದು ಸಹಜವೆಂದೇ ಇಟ್ಟುಕೊಳ್ಳಿ. ಆದರೆ ಅವನು ಅದನ್ನು ರೋಣದ ಸಂತೆಗೆ ಬಂದು, ನಮ್ಮ ದೊಡ್ಡಪ್ಪನ ಎದುರೇ ಹೇಳಿದ.

"ಕಾಕಾರ, ನಿಮ್ಮ ಗಾಡಿ ರೋಣದ ಅಗಸಿ ದಾಟೂದ್ರಾಗ ನಾ ನರಗುಂದದಾಗ ಊಟಾ ಮಾಡಿ ಕೈ ತೊಳಕೊಂಡಿರ್ತೀನ್ರಿ."

ಇದಕ್ಕೆ ಹೇಳಬೇಕಾದ್ದನ್ನು ದೊಡ್ಡಪ್ಪ ಅವನಿಗೆ ಹೇಳದೆ ಮನೆಗೆ ಬಂದು ನನಗೆ ಹೇಳಿದರು. ಬೆಳವಣಕಿಯ ಹತ್ತಿರ ಕೋಲು ಇಟ್ಟಂತೆ ನೆಟ್ಟಗಿರುವ ರಸ್ತೆಯಲ್ಲಿ ಮೂರೂ ಊರಿನ ಫಟಫಟಿಗಳ ಶರ್ಯತ್ತು, ಅಂದರೆ ಓಟದ ಪಂದ್ಯ, ಎಂದು ಸಂತೆಯಲ್ಲೇ ನಿಶ್ಚಯವಾಗಿಬಿಟ್ಟಿತ್ತು. ಬೇವಿನ ಗಿಡದಿಂದ ಕಲ್ಲಿನ ಮೋರಿಯವರೆಗೆ ಎರಡು ಫರ್ಲಾಂಗು. ನಿಂತಲ್ಲಿಂದ ಹೊರಡಬೇಕು, ಮೊದಲು ಮೋರಿ ಮುಟ್ಟಬೇಕು. ಷರತ್ತು ಒಂದೇ: ಮಿಲಿಟರಿಯಿಂದ ಬಂದ ಗಾಡಿಗೆ ಹೊರಗಿನದು ಏನನ್ನೂ ಹಚ್ಚಬಾರದು.

"ಗೆದ್ದಿ, ಗಾಡಿ ನಿಂದು," ಎಂದರು ದೊಡ್ಡಪ್ಪ. "ಸೋತಿ, ಮರುದಿನಾನ ಇಂಜಿನ್ ಬಿಚ್ಚಿಸಿ ಹೊಲದ ಬಾವಿಗೆ ಹಚ್ಚತೀನಿ. ನೀರರ ಎತ್ತಲಿ ಅದು. ಊರ ಮುಂದ ಮಾರಿ ಎತ್ತಲಿಕ್ಕಂತೂ ಕೊಡವಲ್ದು."

ಅವರು ಆಡಿದ್ದನ್ನು ಮಾಡುವವರು. ನನ್ನ ಕಣ್ಣಿಗೆ ಬಾವಿಯ ದಂಡೆಯ ಮೇಲೆ ನಾಲ್ಕು ಕಂಬಗಳ ನಡುವೆ ಕಟ್ಟಿಹಾಕಿಸಿಕೊಂಡು, ಗಾಲಿಗಳಿಲ್ಲದೆ, ಮೆಣಸಿನ ಮಡಿಗೆ ನೀರುಣಿಸುತ್ತ ಬುಸುಗುಡುತ್ತಿರುವ ನನ್ನ ಇಂಜಿನ್ನು ಕಾಣತೊಡಗಿತು. ರೋಣದ ಆಚೆಗಿನ ಜಗತ್ತಿಗೆ ನನಗಿದ್ದ ಬಾಗಿಲು ಅದೊಂದೇ ಆಗಿತ್ತು. ಅದನ್ನು ಬಾವಿಗೆ ಕಟ್ಟಿದರೆ ಅದರ ಪಕ್ಕದ ಕಂಬಕ್ಕೆ ನನ್ನನ್ನೂ ಕಟ್ಟಿದಂತೆಯೇ.

ಹಚ್ಚಬಾರದೆಂದು ಷರತ್ತಿದ್ದರೂ ನಾನು ಮೊದಲು ಮಾಡಿದ್ದು ಹಚ್ಚುವ ಕೆಲಸವನ್ನೇ. ಹೊರಗೆ ಹಚ್ಚಬಾರದು ತಾನೆ, ಒಳಗೆ ಹಾಕಬಹುದಲ್ಲ! ಪೆಟ್ರೋಲಿನಲ್ಲಿ ಕರ್ಪೂರ ಕರಗಿಸಿದರೆ ಗಾಡಿ ಗಾಳಿಯಂತೆ ಹೋಗುತ್ತದೆಂದು ಯಾರೋ ಹೇಳಿದ್ದರು. ಇಂಥ ವಿಷಯಗಳನ್ನು ಯಾವಾಗಲೂ 'ಯಾರೋ' ಹೇಳಿರುತ್ತಾರೆ; ಅವರ ಹೆಸರು ನೆನಪಿರುವುದಿಲ್ಲ, ವಿಳಾಸ ಸಿಗುವುದಿಲ್ಲ. ದೇವರ ಕೋಣೆಯ ಕರ್ಪೂರವನ್ನೆಲ್ಲ ಟಾಕಿಗೆ ನಿವೇದಿಸಿದೆ. ಫಟಫಟಿ ಪರಿಮಳಯುಕ್ತವಾದ ಕಪ್ಪು ಹೊಗೆಯನ್ನು ಬಿಟ್ಟು, ಎರಡು ಸಲ ಸೀನಿ, ಸುಮ್ಮನಾಯಿತು.

ಅಂಗಳದ ಬಾವಿಯಲ್ಲಿ ನೀರು ಸೇದುತ್ತಿದ್ದ ವೈನಿ, ದೊಡ್ಡಪ್ಪನ ಹಿರಿಯ ಮಗನ ಹೆಂಡತಿ, ಕೊಡವನ್ನು ದಂಡೆಗಿಟ್ಟು ಮೂಗಿಗೆ ಸೆರಗು ಹಿಡಿದಳು.

"ಮಂಗಳಾರತಿ ಮುಗೀತೇನ್ರಿ ನಿಮ್ಮ ಫಟಫಟಿದು? ಪ್ರಸಾದ ಯಾವಾಗ ಕೊಡ್ತೀರಿ?"

ನಾನು ಸಿಟ್ಟಿನಿಂದ ಗಾಡಿಯನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಗೇರು ತೆಗೆದು, ಹಿಂದಿನ ಗಾಲಿಯನ್ನು ಕೈಯಿಂದ ಜೋರಾಗಿ ತಿರುವಿದೆ. ಯಾಕೆ ತಿರುವಿದೆನೋ, ಸಿಟ್ಟು ಬಂದವನು ಏನನ್ನಾದರೂ ತಿರುವಲೇಬೇಕು, ಮೀಸೆ ನನಗೆ ಅಷ್ಟು ಇರಲಿಲ್ಲ. ಗಾಲಿ ಒಂದು ಸುತ್ತು ಬಂದು, ಎರಡನೆಯದಕ್ಕೆ ಅರ್ಧ ಮನಸ್ಸು ಮಾಡಿ, ಕರ್ರೆಂದು ನಿಂತಿತು. ಅತ್ತ ಬಾವಿಯ ಮೇಲೆ ವೈನಿ ಹಗ್ಗ ಬಿಟ್ಟ ರಾಟೆ, ನಮ್ಮ ಕಡೆಯ ಗಡಗಡಿ, ಇನ್ನೂ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

"ನಿಮ್ಮ ಗಾಲಿಗಿಂತ ನಮ್ಮ ಗಡಗಡೀನ ಚಲೋ ತಿರಗತೈತಿ ನೋಡ್ರಿ," ಎಂದಳು ವೈನಿ. "ಬೇಕಾದ್ರ ಇದನ್ನ ಹತ್ತಿ ಹೋಗ್ರಿ ಬೆಳವಣಕಿಗೆ."

ಇಲ್ಲಿ ನಿಲ್ಲಬೇಕು, ಬಟ್ಟೆ ಬಹಳ ನುಣುಪಾಗಿದೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಈ ಮಾತನ್ನು ನೆನಪಿಸಿದಾಗ ವೈನಿ, "ಅಯ್ಯ, ನಾ ಎಲ್ಲಿ ಹಂಗಂದೆ? ಕರ್ಪೂರಾ ಎಲ್ಲಾ ಖಾಲಿ ಮಾಡಿದ್ರಿ ಅಂತ ಬೈದಿದ್ದೆ, ಅಷ್ಟ," ಎಂದಳು. ಇದ್ದರೂ ಇರಬಹುದು. ಗಡಗಡಿಯ ಮಾತು ನನ್ನೊಳಗೇ ಹುಟ್ಟಿ, ಒಂದು ಒಳ್ಳೆಯ ಬಾಯಿ ಬೇಕೆಂದು ಆಕೆಯ ಬಾಯಿಗೆ ಹೋಗಿ ಕೂತಿರಬಹುದು. ಆದರೆ ಗಾಲಿ ನಿಂತದ್ದು ಖರೆ, ಗಡಗಡಿ ತಿರುಗಿದ್ದೂ ಖರೆ. ಅವೆರಡನ್ನೂ ಒಟ್ಟಿಗೆ ನೋಡಿದ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೋ ಒಂದು ಬಿಚ್ಚಿಕೊಂಡಿತು. ಇಂಜಿನ್ನಿನಲ್ಲಿ ಜೋರು ಇಲ್ಲವೆಂದಲ್ಲ. ಇದ್ದ ಜೋರನ್ನು ದಾರಿಯಲ್ಲಿಯೇ ಯಾರೋ ತಿನ್ನುತ್ತಿದ್ದಾರೆ!

ಆಮೇಲಿನ ದಿನಗಳನ್ನು ನಾನು ಆ ತಿನ್ನುವವರನ್ನು ಹುಡುಕುತ್ತ ಕಳೆದೆ, ಜೀವನದಲ್ಲಿ ಅಷ್ಟು ಸಂತೋಷದಿಂದ ಮತ್ತೆ ಯಾವ ಕಳ್ಳರನ್ನೂ ಹುಡುಕಿಲ್ಲ. ಬ್ರೇಕಿನ ಪಟ್ಟಿ ಒತ್ತದಿದ್ದಾಗಲೂ ಗಾಲಿಯನ್ನು ಸವರುತ್ತ ಕೂತಿತ್ತು, ಅದನ್ನು ಸಡಿಲಿಸಿದೆ. ಗಾಲಿಯ ಗುಂಡುಗಳ ಸುತ್ತ ಯಾವ ಕಾಲದ್ದೋ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ತೊಳೆದು ತೆಳ್ಳಗಿನ ಎಣ್ಣೆ ಬಿಟ್ಟೆ. ಗಾಳಿ ಸೋಸುವ ಡಬ್ಬಿಯಲ್ಲಿ ನಮ್ಮ ಎರೆ ಹೊಲದ ಮಣ್ಣು ಬಿತ್ತನೆಗೆ ಸಿದ್ಧವಾಗಿತ್ತು, ಕೊಡವಿದೆ. ಇಂಜಿನ್ನಿನ ತಲೆ ಬಿಚ್ಚಿ ಒಳಗಿನ ಮಸಿ ಕೆರೆದೆ. ವಾಲ್ವುಗಳನ್ನು ಅವುಗಳ ಕೂಡುವ ಜಾಗಕ್ಕೆ ತಿಕ್ಕಿ ತಿಕ್ಕಿ, ಒಂದಕ್ಕೊಂದು ಗಂಡ ಹೆಂಡಿರಂತೆ ಹೊಂದುವವರೆಗೆ ಬಿಡಲಿಲ್ಲ. ಅನೇಕ ಗಂಡ ಹೆಂಡಿರಿಗೆ ಅಷ್ಟು ಹೊತ್ತಿನ ತಿಕ್ಕಾಟವೂ ಸಾಲುವುದಿಲ್ಲವೆಂಬುದು ಬೇರೆ ಮಾತು. ಎಲ್ಲಕ್ಕಿಂತ ದೊಡ್ಡ ಕಳ್ಳ ಸಿಕ್ಕಿದ್ದು ಕಾರ್ಬೊರೇಟರು ಇಂಜಿನ್ನಿಗೆ ಸೇರುವ ಸಂದಿಯಲ್ಲಿ. ಅಲ್ಲಿ ನಡುವೆ ಕೂರಿಸುವ ಕಾಗದದ ವಾಸರಿನ ತೂತು ಒಳಗಿನ ದಾರಿಗಿಂತ ಸಣ್ಣದು. ಅರ್ಧ ಮುಚ್ಚಿದ ಬಾಗಿಲಲ್ಲಿ ಮದುವೆಯ ದಿಬ್ಬಣ ನುಗ್ಗಿದಂತೆ, ಇಂಜಿನ್ನು ಎಳೆಯುವ ಉಸಿರೆಲ್ಲ ಅಲ್ಲಿ ತಿಕ್ಕಾಡುತ್ತಿತ್ತು. ಬ್ಲೇಡಿನಿಂದ ಆ ಅಂಚನ್ನು ಹೆರೆದು ತೆಗೆದೆ. ಬಂದದ್ದು ಉಗುರಿನ ಚೂರಿನಷ್ಟು ಕಾಗದ.

ಅಲ್ಲಿಂದ ಮುಂದೆ ಬಿಚ್ಚುವ ಹುಚ್ಚು ನನ್ನನ್ನು ಹಿಡಿಯಿತು. ಕ್ಯಾರಿಯರು, ಹಿತ್ತಾಳೆಯ ಹಾರ್ನು, ಕಾಲಿಗೆ ಅಡ್ಡಲಾಗಿದ್ದ ಕಬ್ಬಿಣ, ಸಾಮಾನಿನ ಪೆಟ್ಟಿಗೆ, ಹಿಂದಿನ ಸೀಟು ಎಲ್ಲ ಒಂದೊಂದಾಗಿ ಅಟ್ಟ ಸೇರಿದವು. ಗಾಲಿಯನ್ನು ತಿರುವಿದರೆ ಈಗ ಅದು ನಿಲ್ಲುವುದನ್ನು ಕಾಯುತ್ತ ನನಗೇ ಬೇಸರ ಬರುತ್ತಿತ್ತು. ದೊಡ್ಡಪ್ಪ ಒಂದು ದಿನ ಅಂಗಳದಲ್ಲಿ ಅಸ್ಥಿಪಂಜರದಂತಾಗಿದ್ದ ಗಾಡಿಯನ್ನು ನೋಡಿ, "ಚಲೋ ಆತು. ಬಾವಿಗೆ ಒಯ್ಯಾಕ ಅರ್ಧಾ ಕೆಲಸಾ ನೀನ ಮುಗಿಸಿದಿ," ಎಂದು ಒಳಗೆ ಹೋದರು.

ಶರ್ಯತ್ತಿನ ದಿನ ಬೆಳವಣಕಿಯ ರಸ್ತೆಯ ಎರಡೂ ಬದಿಗೆ ಬಂಡಿಗಳು ಕೊಳ್ಳು ಹರಿದು, ಎತ್ತುಗಳನ್ನು ನೊಗದಿಂದ ಬಿಚ್ಚಿ, ನಿಂತಿದ್ದವು. ಹತ್ತಿಯ ಸುಗ್ಗಿ ಮುಗಿದು ಜಾಲಿಯ ಮುಳ್ಳುಗಳಿಗೆಲ್ಲ ಅರಳೆ ಸಿಕ್ಕಿಕೊಂಡಿದ್ದ ಕಾಲ. ಗಜೇಂದ್ರಗಡದ ಫಟಫಟಿ ಎತ್ತಿನ ಬಂಡಿಯ ಮೇಲೆ ಬಂದಿತು. ರಾಜೂರಿನಲ್ಲಿ ಕೆಟ್ಟು ನಿಂತದ್ದನ್ನು ಅದರ ಒಡೆಯ, ಸೀರೆ ಅಂಗಡಿಯ ಪರಸಪ್ಪ, ಬಿಟ್ಟು ಬರಲು ಮನಸ್ಸಾಗದೆ ಹೇರಿಕೊಂಡೇ ಬಂದಿದ್ದ. "ನಂದು ಎಲ್ಲಾರಕಿಂತ ಆರಾಮಶೀರ ಬಂತು ನೋಡ್ರಿ," ಎಂದು ತಾನೇ ನಕ್ಕ. ಅವನನ್ನು ಹೊರಡುವ ಸನ್ನೆ ಕೊಡಲು ನೇಮಿಸಿದರು. ಉಳಿದವರು ಬಸವಂತ, ನಾನು.

ನ್ಯಾಯಕ್ಕೆ ಕೂತವರು ಬೆಳವಣಕಿಯ ಫಕೀರಗೌಡರು. ಎತ್ತಿನ ಶರ್ಯತ್ತಿನಲ್ಲಿ ಅವರ ಮಾತಿಗೆ ಮೂರೂ ಊರಲ್ಲಿ ಎದುರಿಲ್ಲ. ಫಟಫಟಿಯನ್ನು ಮುಟ್ಟಿ ನೋಡುತ್ತಿದ್ದುದು ಮಾತ್ರ ಅದೇ ಮೊದಲು. ಎತ್ತುಗಳ ಶರ್ಯತ್ತಿನಲ್ಲಿ ವರ್ಗ ಮಾಡುವುದು ಹಲ್ಲಿನಿಂದ. ಬಾಯಿ ತೆರೆಸಿ, ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿ ಕೂಡಿದ್ದು ಎಂದು ವಯಸ್ಸು ನೋಡಿ ಸರಿಜೋಡಿಗೆ ಸರಿಜೋಡಿ ಓಡಿಸುತ್ತಾರೆ. ಗೌಡರು ಎರಡೂ ಗಾಡಿಗಳ ಸುತ್ತ ಪ್ರದಕ್ಷಿಣೆ ಹಾಕಿ ಮೊದಲು ಕೇಳಿದ್ದು ಅದನ್ನೇ.

"ಹಲ್ಲು ತೋರಸ್ರಿ."

ಜನ ನಕ್ಕರು. ಗೌಡರು ನಗಲಿಲ್ಲ. "ಜೋಡಿ ಸರಿ ಐತೋ ಇಲ್ಲೋ ನೋಡಬ್ಯಾಡೇನು? ಹಲ್ಲಿಲ್ಲದ್ದು ಹ್ಯಾಂಗ ಓಡತೈತಿ?"

ನಾನು ಹುಂಬನಂತೆ, ಹಲ್ಲು ಇದೆಯೆಂದು ಹೇಳಿಬಿಟ್ಟೆ. ಚೈನನ್ನು ಎಳೆಯುವ ಮುಂದಿನ ಸಣ್ಣ ಚಕ್ರಕ್ಕೆ ಸುತ್ತಲೂ ಹಲ್ಲುಗಳಿರುತ್ತವಲ್ಲ! ಮುಚ್ಚಳ ಬಿಚ್ಚಿ ತೋರಿಸಿದೆ, ಬಸವಂತನೂ ಬಿಚ್ಚಬೇಕಾಯಿತು. ಗೌಡರು ತಂಬಾಕಿನ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಎಣಿಕೆ ತಪ್ಪದಿರಲೆಂದು ಮೊದಲ ಹಲ್ಲಿಗೆ ಸುಣ್ಣದ ಬೊಟ್ಟಿಟ್ಟು, ಬೆರಳು ಊರುತ್ತ ಎಣಿಸಿದರು. ಬಸವಂತನದನ್ನು ಒಂದು ಸಲ, ನನ್ನದನ್ನು ಎರಡು ಸಲ. ಆಮೇಲೆ ಕೈ ಒರೆಸಿಕೊಂಡು ಅನುಕಂಪದಿಂದ ನನ್ನನ್ನು ನೋಡಿದರು.

"ನಿನ್ನ ಹೋರಿಗೆ ಒಂದು ಹಲ್ಲು ಕಮ್ಮಿ ಐತಲ್ಲೋ ತಮ್ಮಾ."

ಬಂಡಿಗಳ ಮೇಲಿದ್ದವರು ಹೋ ಎಂದು ಕೂಗಿದರು. "ಹಾಲಹಲ್ಲಲೇ, ಹಾಲಹಲ್ಲು!" ಬಸವಂತ ಮೀಸೆಯ ಮೇಲೆ ಕೈಯಿಟ್ಟು, "ಗೌಡ್ರ, ಮೊದಲ ಅದಕ್ಕ ಹಾಲ ಕುಡಸ್ಲಿಕ್ಕೆ ಹೇಳ್ರಿ, ಓಡೂದು ಆಮ್ಯಾಲ," ಎಂದ. ಇಷ್ಟು ದಿನ ನಾನು ಅವನ ಧೂಳು ತಿಂದದ್ದರ ಕಾರಣ ಊರ ಮುಂದೆ ಬಯಲಾಗಿತ್ತು: ನನ್ನ ಗಾಡಿ ಅವನದಕ್ಕಿಂತ ಸಣ್ಣದು, ಎಳೆಯದು, ಬಡವು. ಗೌಡರು ಜೋಡಿ ಕೂಡುವುದಿಲ್ಲವೆಂದರೆ ಶರ್ಯತ್ತೇ ಇಲ್ಲ, ಓಡದಿದ್ದರೆ ಸೋತಂತೆಯೇ ಎಂದು ದೊಡ್ಡಪ್ಪನ ಮುಖ ಹೇಳುತ್ತಿತ್ತು. ಬಾವಿಯ ನೀರಿನ ಸದ್ದು ನನಗೆ ಕೇಳತೊಡಗಿತು.

"ಕಾಯದೆ ಏನಂದ್ರ," ಎಂದು ಗೌಡರು ಗಂಟಲು ಸರಿಮಾಡಿಕೊಂಡರು, "ಹೆಚ್ಚು ಹಲ್ಲಿಂದು ಕೆಳಗಿಳದು ಸಣ್ಣವುಗಳ ಕೂಡ ಓಡಬಾರದು. ಸಣ್ಣದು ತಾನಾಗಿ ಮ್ಯಾಲಿನದರ ಕೂಡ ಓಡತೀನಿ ಅಂದ್ರ ಓಡಬಹುದು. ಸೋತ ಮ್ಯಾಲೆ ಅಳಬಾರದು." ಓಡುತ್ತೇನೆಂದು ನಾನು ತಲೆಯಾಡಿಸಿದೆ. "ಏನೋ ಬಸವಂತಾ, ತಕರಾರು ಐತೇನು?"

"ಏನ್ ತಕರಾರ್ರಿ ಗೌಡ್ರ? ಓಡಲಿ ಅದರ ಪಾಡಿಗೆ." ಆಮೇಲೆ ಅವನ ಕಣ್ಣು ನನ್ನ ಗಾಡಿಯ ಹಿಂಭಾಗಕ್ಕೆ ಹೋಯಿತು. "ಆದ್ರ ಇವರು ಸೀಟ್ ಬಿಚ್ಚ್ಯಾರಲ್ರಿ! ಹಾರ್ನ್ ಇಲ್ಲ, ಕ್ಯಾರಿಯರ್ ಇಲ್ಲ."

"ಹಚ್ಚಬಾರದು ಅಂತ ಮಾತಾಗೇತಿ. ಬಿಚ್ಚಬಾರದು ಅಂತ ಯಾರ ಹೇಳ್ಯಾರ?" ಎಂದರು ಗೌಡರು. "ಶರ್ಯತ್ತಿನ ದಿನ ಎತ್ತಿನ ಕೊಳ್ಳಾನ ಗೆಜ್ಜಿಸರಾ ಬಿಚ್ಚೂದಿಲ್ಲೇನು ನೀವು?"

ಓದುಗರೇ, ಯಂತ್ರಗಳ ಪರಿಚಯವಿರುವ ನಿಮ್ಮಲ್ಲಿ ಕೆಲವರು ಈಗಾಗಲೇ ನಗುತ್ತಿರಬಹುದು. ಇಲ್ಲದವರಿಗೆ ಹೇಳುತ್ತೇನೆ. ಎತ್ತಿನ ಬಾಯಲ್ಲಿ ಹಲ್ಲು ಕಡಿಮೆಯಾದರೆ ಎತ್ತು ಎಳೆಯದು. ಗಾಡಿಯ ಮುಂದಿನ ಚಕ್ರದಲ್ಲಿ ಹಲ್ಲು ಕಡಿಮೆಯಾದರೆ ಗಾಡಿ ಗಿಡ್ಡ ಕಾಲಿನ ಮನುಷ್ಯನಂತೆ: ಹೆಜ್ಜೆ ಸಣ್ಣದು, ಆದರೆ ಲಗುಲಗು. ಉದ್ದ ದಾರಿಯಲ್ಲಿ ಅವನು ಉದ್ದ ಕಾಲಿನವನ ಹಿಂದೆ ಬೀಳುವುದು ಖಚಿತ. ನಿಂತಲ್ಲಿಂದ ಚಂಗನೆ ಹಾರುವ ಸಣ್ಣ ಓಟದಲ್ಲಿ ಮಾತ್ರ ಅವನೇ ಮುಂದು. ಮಿಲಿಟರಿಯಲ್ಲಿದ್ದಾಗ ನನ್ನ ಗಾಡಿ ಪಕ್ಕಕ್ಕೊಂದು ಸೈಡ್‌ಕಾರೆಂಬ ತೊಟ್ಟಿಲು ಕಟ್ಟಿಕೊಂಡು ಇಬ್ಬರನ್ನು ಹೆಚ್ಚಿಗೆ ಎಳೆಯುತ್ತಿತ್ತಂತೆ. ಭಾರ ಎಳೆಯಲೆಂದು ಅದಕ್ಕೆ ಹುಟ್ಟಿನಿಂದಲೇ ಒಂದು ಹಲ್ಲು ಕಡಿಮೆ ಇಟ್ಟಿದ್ದರು. ಬಸವಂತ ನಗುನಗುತ್ತ, ಮೂರೂರ ಸಾಕ್ಷಿಯಾಗಿ, ಎರಡು ಫರ್ಲಾಂಗಿನ ಓಟಕ್ಕೆ ಹೇಳಿ ಮಾಡಿಸಿದ ಗಾಡಿಯನ್ನು ತನ್ನ ಪಕ್ಕದಲ್ಲಿ ನಿಲ್ಲಿಸಲು ಒಪ್ಪಿಕೊಂಡಿದ್ದ.

ಇದು ನನಗೆ ಆಗ ಗೊತ್ತಿತ್ತೇ? ನೆನಪು ಗೊತ್ತಿತ್ತೆನ್ನುತ್ತದೆ, ಒಳಗೊಳಗೇ ನಗುತ್ತ ಗಾಡಿ ಹತ್ತಿದೆನೆಂದು ಚಿತ್ರ ಬರೆದು ತೋರಿಸುತ್ತದೆ. ನಂಬಬೇಡಿ. ಆ ದಿನದ ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿದ್ದು ನನಗೆ ಗೊತ್ತು, ನಗುವವನು ಅಷ್ಟು ಬೆವರುವುದಿಲ್ಲ.

ಪರಸಪ್ಪ ಬೇವಿನ ಗಿಡದ ಕೆಳಗೆ ನಿಂತು ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಎತ್ತಿ ಹಿಡಿದ. ದೂರದ ಮೋರಿಯ ಮೇಲೆ ಗೌಡರ ತಲೆಯ ಪಟಗ, ಪಕ್ಕದಲ್ಲಿ ದೊಡ್ಡಪ್ಪನ ಕೊಡೆ. ಟೊಪ್ಪಿಗೆ ಬಿತ್ತು.

ಬಸವಂತ ಪೆಟ್ರೋಲು ಬಿಡುವ ಹಿಡಿಕೆಯನ್ನು ಪೂರ್ತಿ ತಿರುವಿದ. ಅವನ ಹಿಂದಿನ ಗಾಲಿ ರಸ್ತೆಯ ಗರಸುಕಲ್ಲನ್ನು ಕೋಳಿ ಕೆದರಿದಂತೆ ಕೆದರಿ ಹಿಂದಿದ್ದವರ ಧೋತರಗಳಿಗೆ ಎರಚಿತು. ಜೋರು ದಾರಿಯಲ್ಲಿ ಪೋಲಾಗಬಾರದೆಂದು ಅಂಗಳದಲ್ಲಿ ಕಲಿತಿದ್ದ ನಾನು, ಮೊಟ್ಟೆ ಹಿಡಿದವನ ಹಾಗೆ, ಮೊದಲು ಅರ್ಧ ಮಾತ್ರ ತಿರುವಿದೆ. ಗಾಡಿ ಜಾರಲಿಲ್ಲ, ಹಾರಿತು. ಅಷ್ಟು ದಿನ ಬ್ರೇಕಿನ ಪಟ್ಟಿ, ಒಣಗಿದ ಗ್ರೀಸು, ಉಗುರಿನಷ್ಟು ಕಾಗದ ತಿಂದು ಹಾಕುತ್ತಿದ್ದುದೆಲ್ಲ ಒಮ್ಮೆಗೇ ನನ್ನ ಕೆಳಗೆ ಸೇರಿ ನೂಕಿದಂತಾಯಿತು. ಎರಡನೆಯ ಗೇರಿಗೆ ನಾನೊಬ್ಬನೇ ರಸ್ತೆಯಲ್ಲಿದ್ದೆ. ಬಂಡಿಗಳು, ಜಾಲಿಗಿಡ, ಅರಳೆ ಎಲ್ಲ ಒಂದೇ ಬಿಳಿ ಗೆರೆಯಾದವು. ಆದರೆ ಕಾಲು ಗಿಡ್ಡವಾದವನ ಹಣೆಬರಹ ಕೊನೆಗೆ ಎದುರಾಗಲೇಬೇಕಲ್ಲ. ಮೋರಿ ಇನ್ನೂ ದೂರವಿರುವಾಗಲೇ ನನ್ನ ಇಂಜಿನ್ನು ಇನ್ನು ತನ್ನ ಕೈಲಾಗದೆಂದು ಚೀರತೊಡಗಿತು. ಹಿಂದಿನಿಂದ ಬಸವಂತನ ಉದ್ದ ಹೆಜ್ಜೆಯ ಸದ್ದು ಹತ್ತಿರವಾಗುತ್ತ, ನನ್ನ ಮೊಣಕಾಲಿನ ಪಕ್ಕಕ್ಕೆ ಬಂದು, ಅವನ ಮುಂದಿನ ಗಾಲಿ ಕಣ್ಣಂಚಿನಲ್ಲಿ ಕಂಡಿತು. ನಾನು ಟಾಕಿಯ ಮೇಲೆ ಹೊಟ್ಟೆ ಊರಿ, ತಲೆ ತಗ್ಗಿಸಿ, ಉಸಿರು ಹಿಡಿದೆ. ಉಸಿರಿನ ಭಾರವಾದರೂ ಕಡಿಮೆಯಾಗಲೆಂದು.

ಮೋರಿಯ ಕಲ್ಲು ಸರ್ರನೆ ಹಿಂದೆ ಹೋಯಿತು. ಅದರ ಮೇಲಿಂದ ಗೌಡರ ಧ್ವನಿ ಎರಡೂ ಇಂಜಿನ್ನುಗಳ ಮೇಲೆ ಕೇಳಿಸಿತು.

"ಹಾಲಹಲ್ಲು ಮುಂದ! ಹಾಲಹಲ್ಲು!"

ಎಷ್ಟು ಮುಂದೆ ಎಂದು ಕೇಳಬೇಡಿ. ಆ ಸಂಜೆ ಅರ್ಧ ಗಾಲಿ ಎಂದರು. ಮರುದಿನ ರೋಣದಲ್ಲಿ ಅದು ಒಂದು ಗಾಡಿಯಷ್ಟಾಯಿತು. ಈಗ ನಮ್ಮೂರ ಕಟ್ಟೆಯ ಮೇಲೆ ಕೇಳಿದರೆ ಬಸವಂತ ಇನ್ನೂ ಬೇವಿನ ಗಿಡದ ಕೆಳಗೇ ಇದ್ದಾನೆ. ಗೆಲ್ಲಿಸಿದ್ದು ನಾನು ಬಿಚ್ಚಿದ್ದೋ ಅಥವಾ ಮಿಲಿಟರಿಯವರು ಮೊದಲೇ ಕಡಿಮೆ ಮಾಡಿದ್ದ ಆ ಹಲ್ಲೋ, ಇದನ್ನೂ ಕೇಳಬೇಡಿ. ಎರಡೂ ಕೂಡಿ ಅರ್ಧ ಗಾಲಿ. ಯಾವುದೊಂದು ಇಲ್ಲದಿದ್ದರೂ ನಾನು ಬಾವಿಯ ಪಾಲು. ಇಷ್ಟು ಮಾತ್ರ ಇಸ್ತ್ರಿ ಹಾಕದೆ ಹೇಳಬಲ್ಲೆ: ನಮ್ಮಲ್ಲಿ ಏನೇನು ಇಲ್ಲವೆಂದು ಊರು ನಮ್ಮ ಬಾಯಿ ತೆರೆಸಿ ಎಣಿಸುತ್ತದೆಯೋ, ಆ ಲೆಕ್ಕದ ಕೆಳಗೆ ಗೆರೆ ಎಳೆಯುವ ಮೊದಲು ಓಟ ಎಷ್ಟುದ್ದದ್ದೆಂದು ಒಮ್ಮೆ ಕೇಳಬೇಕು.

ಬಸವಂತ ಬಂದು ಕೈ ಕೊಟ್ಟ. ದೊಡ್ಡ ಮೀಸೆಯವನ ದೊಡ್ಡತನ. "ಹಲ್ಲು ಕಮ್ಮಿ ಇದ್ರೂ ಕಚ್ಚೂದು ಚಲೋ ಕಚ್ಚತದ ಬಿಡು," ಎಂದ.

ದೊಡ್ಡಪ್ಪ ಅವಸರವಿಲ್ಲದೆ ಕೊಡೆ ಊರುತ್ತ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಓಡಿ ಬಂದ ಎತ್ತಿನ ಬೆನ್ನು ತಟ್ಟುವವರಂತೆ ಟಾಕಿಯ ಮೇಲೆ ಕೈಯಾಡಿಸಿದರು. ನಾನು ಅವರ ಮಾತಿಗಾಗಿ ಕಾದೆ. ಗಾಡಿ ನಿಂದು ಎನ್ನುವರೇ? ಅವರು ಹಿಂದಿನ ಖಾಲಿ ಜಾಗವನ್ನು ನೋಡುತ್ತಿದ್ದರು.

"ಇಲ್ಲಿ ಕುಂದ್ರೂದಿತ್ತಲ್ಲ, ಎಲ್ಲಿಟ್ಟಿ?"

"ಬಿಚ್ಚಿ ಅಟ್ಟದ ಮ್ಯಾಲೆ ಇಟ್ಟೇನ್ರಿ ದೊಡ್ಡಪ್ಪ."

"ಹಚ್ಚು ಅದನ್ನ. ನಾಳೆ ಮುಂಜಾನೆ ನನಗ ಗಜೇಂದ್ರಗಡಕ್ಕ ಹೋಗೂದೈತಿ. ನರಗುಂದದ ಮ್ಯಾಲೆ ಹೋಗೂಣು."

"ಗಜೇಂದ್ರಗಡ ಈ ಕಡಿ ಆತ್ರಿ, ನರಗುಂದ ಆ ಕಡಿ..."

"ಗೊತ್ತೈತೋ ನನಗ," ಎಂದರು ದೊಡ್ಡಪ್ಪ. "ಹಾರ್ನೂ ಹಚ್ಚು."